ಹಲ್ಲು ನೆಟ್ಟಗೆ ಮಾಡುವ ಪಾರದರ್ಶಕ ಕವಚ: ಯಾರಿಗೆ ಉಪಯೋಗ?

(ವಾಳಪೈಯಲ್ಲಿ ಕಬ್ಬು ಬೆಳೆಗಾರ ಸದಸ್ಯರು ಮತ್ತು ಅವರ ಕುಟುಂಬದವರಿಗಾಗಿ ಏರ್ಪಡಿಸಿದ್ದ ಆರೋಗ್ಯ ಸಭೆಯಲ್ಲಿ ದಂತವೈದ್ಯರೊಬ್ಬರು ಮಾಡಿದ ಭಾಷಣ)



ಸಕ್ಕರೆ ಕಾರ್ಖಾನೆಯವರು ಹಲ್ಲಿನ ವೈದ್ಯನನ್ನು ಭಾಷಣಕ್ಕೆ ಕರೆದಿದ್ದಾರೆಂದರೆ ತಮಗೆ ನಗು ಬರಬಹುದು. ಸಿಹಿಗೂ ಹಲ್ಲಿಗೂ ಇರುವ ವೈರ ಎಲ್ಲರಿಗೂ ತಿಳಿದದ್ದೇ. ಆದರೆ ಈ ದಿನ ನಾನು ಮಾತನಾಡುವುದು ಮುಖ್ಯವಾಗಿ ಸೊಟ್ಟ ಹಲ್ಲಿನ ವಿಷಯ.

ಅದಕ್ಕೆ ಕಾರಣವಿದೆ. ಚೋರ್ಲಾ ಘಾಟಿನ ಆಚೆಯಿಂದ ಬಂದು ಈ ಭಾಗದಲ್ಲಿ ನೆಲೆಸಿದ ರೈತರೊಬ್ಬರು ಇಪ್ಪತ್ತೊಂದು ವರ್ಷದ ಮಗಳನ್ನು ನನ್ನಲ್ಲಿಗೆ ಕರೆತಂದಿದ್ದರು. ಹೆಣ್ಣು ನೋಡಲು ಬಂದವರು "ಹಲ್ಲು ಉಬ್ಬು" ಎಂದು ಹೇಳಿ ಹೋಗಿದ್ದರಂತೆ. ಅಂದಿನಿಂದ ಆ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಿರಲಿಲ್ಲ. ತಂದೆ ಮೊಬೈಲಿನಲ್ಲಿ ಜಾಹೀರಾತು ತೋರಿಸಿ, "ಡಾಕ್ಟ್ರೇ, ಕಾಣಲಾರದ ಕ್ಲಿಪ್ಪು ಬಂದಾವಂತ. ಕಬ್ಬಿನ ಬಿಲ್ಲು ಬಂದ ಕೂಡಲೇ ತರಿಸಿಬಿಡ್ತೀನ್ರಿ" ಎಂದರು. ಅವರಿಗೆ ಹೇಳಿದ್ದನ್ನೇ ತಮಗೂ ಹೇಳುತ್ತೇನೆ.

ಇದಕ್ಕೆ ಅಲೈನರ್ ಎನ್ನುತ್ತಾರೆ. ಹಲ್ಲಿನ ಸಾಲಿನ ಮೇಲೆ ಬಿಗಿಯಾಗಿ ಕೂರುವ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಕವಚವಿದು. ಹಲ್ಲನ್ನು ಹೊಂದಿಸುವ ರಬ್ಬರಿನ ಸಾಧನವೊಂದನ್ನು ಅಮೇರಿಕದ ಕೆಸ್ಲಿಂಗ್ ಎಂಬ ವೈದ್ಯರು 1945ರಲ್ಲೇ ವಿವರಿಸಿದ್ದರು. ಗಣಕಯಂತ್ರದ ಸಹಾಯದಿಂದ ಸಾಲುಸಾಲಾಗಿ ಕವಚ ತಯಾರಿಸುವ ಪದ್ಧತಿಗೆ ಆ ದೇಶದಲ್ಲಿ 1998ರಲ್ಲಿ ಸರ್ಕಾರದ ಅನುಮತಿ ದೊರೆಯಿತು.

ಕೆಲಸ ನಡೆಯುವ ಬಗೆ ಸರಳ. ಬಾಗಿದ ಕಬ್ಬನ್ನು ಒಮ್ಮೆಲೇ ಎಳೆದರೆ ಮುರಿಯುತ್ತದೆ. ಹಲ್ಲೂ ಹಾಗೆಯೇ. ಒಂದೊಂದು ಕವಚ ಹಲ್ಲನ್ನು ಸುಮಾರು ಕಾಲು ಮಿಲಿಮೀಟರಿನಷ್ಟು ಮಾತ್ರ ಸರಿಸುತ್ತದೆ. ಒತ್ತಡ ಬಿದ್ದ ಕಡೆ ಎಲುಬು ಕರಗಿ, ಹಿಂದೆ ಹೊಸ ಎಲುಬು ತುಂಬಿಕೊಳ್ಳುತ್ತದೆ. ಒಂದೆರಡು ವಾರಕ್ಕೊಮ್ಮೆ ಮುಂದಿನ ಕವಚ ಹಾಕಿಕೊಳ್ಳಬೇಕು. ದಿನಕ್ಕೆ 20ರಿಂದ 22 ಗಂಟೆ ಅದು ಬಾಯಲ್ಲಿರಬೇಕು. ತೆಗೆಯುವುದು ಊಟಕ್ಕೆ ಮತ್ತು ಹಲ್ಲುಜ್ಜುವುದಕ್ಕೆ ಮಾತ್ರ.

ಇದರಿಂದ ಯಾರಿಗೆ ಉಪಯೋಗ? ಶಾಶ್ವತ ಹಲ್ಲುಗಳೆಲ್ಲ ಬಂದಿರುವ ಹದಿಹರೆಯದವರಿಗೆ ಮತ್ತು ವಯಸ್ಕರಿಗೆ. ಹಲ್ಲುಗಳು ಸ್ವಲ್ಪ ಒತ್ತೊತ್ತಾಗಿ ಬಂದಿದ್ದರೆ, ನಡುವೆ ಸಣ್ಣ ಸಂದು ಇದ್ದರೆ, ಹಿಂದೆ ಕ್ಲಿಪ್ಪು ಹಾಕಿಸಿ ಸರಿಯಾದ ಹಲ್ಲು ಮತ್ತೆ ಸರಿದಿದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ವಸಡು ಗಟ್ಟಿಯಾಗಿರಬೇಕು, ಹುಳುಕು ಇರಬಾರದು. ತಂತಿಯಲ್ಲಿನ ನಿಕ್ಕಲ್ ಲೋಹ ಒಗ್ಗದವರಿಗೂ ಇದು ಅನುಕೂಲ. ನಮ್ಮವರಿಗೆ ಇನ್ನೊಂದು ಲಾಭವುಂಟು. ಕ್ಲಿಪ್ಪು ಹಾಕಿಸಿಕೊಂಡವರು ಕಬ್ಬಿನ ಗಣಿಕೆ ಸಿಗಿದು ತಿಂದರೆ ಕ್ಲಿಪ್ಪು ಕಿತ್ತು ಬರುತ್ತದೆ. ಕವಚವನ್ನಾದರೆ ತೆಗೆದಿಟ್ಟು ತಿನ್ನಬಹುದು.

ಆದರೆ ತಿಂದ ಮೇಲೆ ಬಾಯಿ ಮುಕ್ಕಳಿಸಿ, ಹಲ್ಲುಜ್ಜಿಯೇ ಮತ್ತೆ ಹಾಕಿಕೊಳ್ಳಬೇಕು. ಕಬ್ಬಿನ ಹಾಲು, ಬೆಲ್ಲ, ಸಿಹಿ ಚಹಾ ಕವಚದೊಳಗೆ ಉಳಿದರೆ ಉಗುಳು ಅದನ್ನು ತೊಳೆಯಲಾರದು. ಹಲ್ಲು ಬೇಗ ಹುಳುಕಾಗುತ್ತದೆ. ಬಿಸಿ ನೀರಿನಲ್ಲಿ ತೊಳೆದರೆ ಕವಚ ಸೊಟ್ಟಗಾಗುತ್ತದೆ. ಎಲೆ ಅಡಿಕೆ, ತಂಬಾಕು ಅದಕ್ಕೆ ಕಲೆ ಹಿಡಿಸುತ್ತವೆ. ತಂಬಾಕು ವಸಡನ್ನೂ ಕೆಡಿಸುತ್ತದೆ.

ಇನ್ನು ಯಾರಿಗೆ ಇದು ಒಪ್ಪುವುದಿಲ್ಲ? ವಸಡಿನಿಂದ ರಕ್ತ, ಕೀವು ಬರುವವರಿಗೆ, ಹಲ್ಲು ಅಲುಗಾಡುವವರಿಗೆ ಮೊದಲು ಆ ರೋಗ ವಾಸಿಯಾಗಬೇಕು. ಹದ ಮಾಡದ ಹೊಲದಲ್ಲಿ ಎಂಥ ಬೀಜ ನಾಟಿದರೂ ಫಲವಿಲ್ಲ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರಿಗೂ ಇದೇ ಮಾತು. ಎಲುಬಿನೊಳಗೆ ಹುದುಗಿದ ಕೋರೆಹಲ್ಲು, ಬಹಳವಾಗಿ ತಿರುಗಿದ ಹಲ್ಲು, ಹಲ್ಲು ಕೀಳಿಸಿ ಜಾಗ ಮಾಡಬೇಕಾದಂಥ ಉಬ್ಬು, ಇವುಗಳಿಗೆ ಸಾಮಾನ್ಯವಾಗಿ ತಂತಿಯ ಕ್ಲಿಪ್ಪೇ ಹೆಚ್ಚು ಭರವಸೆಯದು. ದೋಷ ದವಡೆಯ ಎಲುಬಿನಲ್ಲೇ ಇದ್ದರೆ ಬೆಳೆಯುವ ವಯಸ್ಸಿನಲ್ಲಿ ಬೇರೆ ಉಪಚಾರ ಬೇಕು. ಬೆಳವಣಿಗೆ ಮುಗಿದ ಮೇಲೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಆದ್ದರಿಂದ ಮಕ್ಕಳಿಗೆ ಏಳು ವರ್ಷವಾದಾಗ ಒಮ್ಮೆ ತೋರಿಸಿರಿ. ತೋರಿಸಿದ ಮಾತ್ರಕ್ಕೆ ಉಪಚಾರ ಆರಂಭಿಸಲೇಬೇಕೆಂದಿಲ್ಲ. ಕಾಯಬಹುದೇ, ಬಾರದೇ ಎಂಬುದು ತಿಳಿಯುತ್ತದೆ.

ಕವಚವನ್ನು ತೆಗೆದು ಕಿಸೆಯಲ್ಲಿಟ್ಟು ಮರೆಯುವವರಿಗೂ ಇದು ಬೇಡ. ಕ್ಲಿಪ್ಪು ನೀವು ಮರೆತರೂ ಕೆಲಸ ಮಾಡುತ್ತದೆ. ಕವಚ ಡಬ್ಬಿಯಲ್ಲಿ ಕುಳಿತು ಕೆಲಸ ಮಾಡುವುದಿಲ್ಲ.

ಒಂದು ಎಚ್ಚರಿಕೆ. ಮನೆಯಲ್ಲೇ ಅಚ್ಚು ತೆಗೆದು ಕಳಿಸಿರಿ, ಅಂಚೆಯಲ್ಲಿ ಕವಚ ಬರುತ್ತದೆ ಎನ್ನುವ ಮಾತಿಗೆ ಮರುಳಾಗಬೇಡಿರಿ. ಎಕ್ಸ್‌ರೇ ಇಲ್ಲದೆ, ವಸಡು ಮುಟ್ಟಿ ನೋಡದೆ ಹಲ್ಲು ಸರಿಸಿದರೆ ಗಟ್ಟಿ ಹಲ್ಲೇ ಸಡಿಲವಾಗಬಹುದು. ಅಮೇರಿಕದಲ್ಲಿ ಮನೆಗೇ ಕವಚ ಕಳಿಸುತ್ತಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ದೊಡ್ಡ ಕಂಪನಿ 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಉಪಚಾರದ ನಡುವೆ ಇದ್ದವರು ಅರ್ಧದಲ್ಲೇ ಉಳಿದರು.

ಹಾಗಾದರೆ ಎಲ್ಲಿಗೆ ಹೋಗಬೇಕು? ಬಾಂಬೋಳಿಯಲ್ಲಿ ಸರ್ಕಾರದ ಗೋವಾ ದಂತ ಮಹಾವಿದ್ಯಾಲಯ ಮತ್ತು ಆಸ್ಪತ್ರೆ ಇದೆ. ಅದು 1980ರಲ್ಲಿ ಆರಂಭವಾದ ಸಂಸ್ಥೆ. ಘಟ್ಟದ ಮೇಲಿನವರಿಗೆ ಬೆಳಗಾವಿ, ಧಾರವಾಡಗಳಲ್ಲಿ ದಂತ ಕಾಲೇಜುಗಳಿವೆ. ಅಲ್ಲಿ ವಕ್ರದಂತ ತಜ್ಞರನ್ನು ಕಂಡು ನಾಲ್ಕು ಪ್ರಶ್ನೆ ಕೇಳಿರಿ: ನನ್ನ ಹಲ್ಲಿಗೆ ಕವಚ ಸಾಕೇ, ಕ್ಲಿಪ್ಪು ಬೇಕೇ? ಎಷ್ಟು ತಿಂಗಳು? ಒಟ್ಟು ಖರ್ಚೆಷ್ಟು, ನಡುವೆ ಮತ್ತೆ ಕವಚ ಮಾಡಿಸಬೇಕಾದರೆ ಅದು ಇದರಲ್ಲೇ ಸೇರಿದೆಯೇ? ಮುಗಿದ ಮೇಲೆ ಹಲ್ಲು ಹಿಂದೆ ಸರಿಯದಂತೆ ಏನು ಮಾಡಬೇಕು?

ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿರಿ. ಕಟಾವಾಯಿತೆಂದು ಕುಳೆಯನ್ನು ಕಡೆಗಣಿಸಿದರೆ ಮುಂದಿನ ಬೆಳೆ ಏನಾಗುತ್ತದೆಂದು ತಮಗೆ ನಾನು ಹೇಳಬೇಕಾಗಿಲ್ಲ. ಹಲ್ಲು ಸಾಲಾದ ಮೇಲೂ ರಿಟೇನರ್ ಎಂಬ ಕಾವಲು ಕವಚವನ್ನು ವೈದ್ಯರು ಹೇಳಿದಷ್ಟು ಕಾಲ, ಮುಖ್ಯವಾಗಿ ರಾತ್ರಿ ಹೊತ್ತು, ಹಾಕಿಕೊಳ್ಳಲೇಬೇಕು.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಅವಳ ಉಬ್ಬಿಗೆ ನಾಲ್ಕು ಹಲ್ಲು ತೆಗೆಸಬೇಕಿತ್ತು, ವಸಡಿನಲ್ಲಿ ರಕ್ತವೂ ಬರುತ್ತಿತ್ತು. ಕವಚ ಅವಳಿಗೆ ಒಪ್ಪುವಂತಿರಲಿಲ್ಲ. ಜೊತೆಗೆ ಬಂದಿದ್ದ ಅವಳ ಚಿಕ್ಕಮ್ಮನಿಗೆ ಮುಂದಿನ ಹಲ್ಲಿನಲ್ಲಿ ಸಣ್ಣ ಸಂದು, ವಸಡು ಕಲ್ಲಿನಂತೆ ಗಟ್ಟಿ. ಕವಚಕ್ಕೆ ತಕ್ಕವರು ಅವರೇ! ಆದರೆ ಅವರಿಗೆ ಅದು ಬೇಕಿರಲಿಲ್ಲ. ಮೊದಲು ಹುಡುಗಿಯ ವಸಡು ವಾಸಿಯಾಯಿತು, ಬಳಿಕ ತಂತಿಯ ಕ್ಲಿಪ್ಪು ಹಾಕಿಸಿದೆವು. ಉಪಚಾರ ಇನ್ನೂ ನಡೆದಿದೆ. ಕಳೆದ ಸಲ ಬಂದಾಗ ಅವಳು ಕ್ಲಿಪ್ಪು ಕಾಣುವಂತೆಯೇ ನಕ್ಕಳು. ಕೈ ಅಡ್ಡ ಬರಲಿಲ್ಲ.

ಬಿಲ್ಲಿನ ಹಣ ತಮ್ಮ ಬೆವರಿನದು. ಖರ್ಚು ಮಾಡುವ ಮೊದಲು ಒಮ್ಮೆ ಬಾಯಿ ತೋರಿಸಿರಿ.