ಎರಡು ದೇಶಗಳ ನಡುವಿನ ಜಗಲಿ

ದೇಶದ ಗಡಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮುಳ್ಳುತಂತಿ ಮತ್ತು ಬಂದೂಕು ಹಿಡಿದ ಕಾವಲುಗಾರರು. ವಾಘಾ ಗಡಿಯ ಕವಾಯತು ನೋಡಿ ಬಂದವರಿಗಂತೂ ಸಂಜೆ ಅಲ್ಲಿ ಗೇಟು ಹಾಕುತ್ತಿದ್ದ ಸದ್ದು ಕಿವಿಯಲ್ಲೇ ಉಳಿದಿರುತ್ತಿತ್ತು. ಆದರೆ ಗಡಿಗೆರೆಯ ಮೇಲೆಯೇ ಹುಲ್ಲುಹಾಸು ಬೆಳೆಸಿ, ಹೂಗಿಡ ನೆಟ್ಟು, ಜನ ಬುತ್ತಿ ಬಿಚ್ಚಿ ಕೂರಲೆಂದು ಮಾಡಿದ ಜಾಗವೂ ಒಂದಿದೆ.

ಅದು ಅಮೆರಿಕದ ಬ್ಲೇನ್ ಪಟ್ಟಣಕ್ಕೂ ಕೆನಡಾದ ಸರ್ರೆ ನಗರಕ್ಕೂ ನಡುವೆ, ಸಮುದ್ರದ ಅಂಚಿನಲ್ಲಿರುವ 'ಪೀಸ್ ಆರ್ಚ್' ಉದ್ಯಾನ. 1846ರ ಒಪ್ಪಂದದಂತೆ 49ನೇ ಅಕ್ಷಾಂಶವೇ ಇಲ್ಲಿ ಗಡಿ. ಆ ಗೆರೆ ಬೀಳುವ ಮೊದಲು ಇದು ಸೆಮಿಯಾಮು ಎಂಬ ಮೂಲನಿವಾಸಿಗಳ ನೆಲವಾಗಿತ್ತು ಎಂಬುದನ್ನೂ ನಾವು ಮರೆಯಬಾರದು.

ಉದ್ಯಾನದ ನಡುವೆ 67 ಅಡಿ ಎತ್ತರದ ಬಿಳಿಯ ಕಮಾನು ನಿಂತಿದೆ. ಬ್ರಿಟನ್ ಮತ್ತು ಅಮೆರಿಕ 1814ರಲ್ಲಿ ಯುದ್ಧ ನಿಲ್ಲಿಸಿ ಮಾಡಿಕೊಂಡ ಒಪ್ಪಂದದ ನೆನಪಿಗಾಗಿ, ಸ್ಯಾಮ್ಯುಯೆಲ್ ಹಿಲ್ ಎಂಬ ಉದ್ಯಮಿಯ ಮುಂದಾಳತ್ವದಲ್ಲಿ ಇದನ್ನು ಕಟ್ಟಲಾಯಿತು. 1921ರ ಸೆಪ್ಟೆಂಬರ್ 6ರಂದು ಅದರ ಉದ್ಘಾಟನೆಯಾಯಿತು. ಸುತ್ತಲಿನ ಜಮೀನು ಕೊಳ್ಳಲು ಶಾಲಾ ಮಕ್ಕಳೂ ಚಿಲ್ಲರೆ ಕಾಸು ಕೂಡಿಸಿ ಕೊಟ್ಟರು. ಕಮಾನಿನ ಒಳಗೆ ಗಡಿಯ ಎರಡೂ ಬದಿಗೆ ಒಂದೊಂದು ಕಬ್ಬಿಣದ ಬಾಗಿಲು. ಈ ಬಾಗಿಲುಗಳು ಎಂದೂ ಮುಚ್ಚದಿರಲಿ ಎಂಬ ಹಾರೈಕೆಯನ್ನು ಅವುಗಳ ಮೇಲೆ ಕೆತ್ತಿದ್ದಾರೆ. ಮುಚ್ಚಬಾರದೆಂದಿದ್ದರೆ ಬಾಗಿಲನ್ನೇಕೆ ಇಟ್ಟರು ಎಂದು ನೀವು ಕೇಳಬಹುದು. ಮುಚ್ಚಲು ಬರುವ ಬಾಗಿಲನ್ನು ತೆರೆದಿಟ್ಟಾಗ ತಾನೆ ಸ್ನೇಹಕ್ಕೆ ಬೆಲೆ?

ಆ ಸ್ನೇಹದ ಪರೀಕ್ಷೆ ಹಲವು ಸಲ ನಡೆದಿದೆ. ಪ್ರಸಿದ್ಧ ಕರಿಯ ಗಾಯಕ ಪಾಲ್ ರೋಬ್ಸನ್‌ರ ಪಾಸ್‌ಪೋರ್ಟನ್ನು ಅಮೆರಿಕ ಸರ್ಕಾರ 1950ರಲ್ಲಿ ಕಿತ್ತುಕೊಂಡಿತ್ತು. 1952ರಲ್ಲಿ ಕೆನಡಾದ ಕಾರ್ಮಿಕರು ಅವರನ್ನು ಹಾಡಲು ಕರೆದಾಗ ಗಡಿ ದಾಟಲು ಬಿಡಲಿಲ್ಲ. ಅದೇ ವರ್ಷದ ಮೇ 18ರಂದು ಅವರು ಈ ಉದ್ಯಾನಕ್ಕೆ ಬಂದು, ಅಮೆರಿಕದ ನೆಲದಲ್ಲೇ ಒಂದು ಲಾರಿಯ ಮೇಲೆ ನಿಂತು ಹಾಡಿದರು. ಗಡಿಯ ಆಚೆ ಸಾವಿರಾರು ಜನ ಕೂತು ಕೇಳಿದರು. ಮನುಷ್ಯನನ್ನು ತಡೆದವರಿಗೆ ದನಿಯನ್ನು ತಡೆಯಲಾಗಲಿಲ್ಲ.

2020ರ ಮಾರ್ಚ್ 21ರಂದು ಕೊರೋನಾ ಕಾರಣದಿಂದ ಅನಗತ್ಯ ಪ್ರಯಾಣಕ್ಕೆ ಗಡಿ ಬಂದಾಯಿತು. ಗಂಡ ಒಂದು ದೇಶದಲ್ಲಿ, ಹೆಂಡತಿ ಇನ್ನೊಂದರಲ್ಲಿ. ತಂದೆತಾಯಿ ಅಲ್ಲಿ, ಮಕ್ಕಳು ಇಲ್ಲಿ. ಅವರಿಗೆಲ್ಲ ಉಳಿದದ್ದು ಈ ಹುಲ್ಲುಹಾಸೊಂದೇ. ಜೂನ್‌ನಲ್ಲಿ ಕೆನಡಾ ತನ್ನ ಬದಿಯ ಉದ್ಯಾನವನ್ನು ಮುಚ್ಚಿತು. ಆಗ ಜನ 'ಜೀರೋ ಅವೆನ್ಯೂ' ಎಂಬ ಗಡಿರಸ್ತೆಯ ಪಕ್ಕದ ಸಣ್ಣ ಚರಂಡಿ ದಾಟಿ ಅಮೆರಿಕದ ಬದಿಗೆ ಬಂದು ತಮ್ಮವರನ್ನು ಕಂಡರು. ಡೇರೆ ಹಾಕಿ ದಿನವಿಡೀ ಕೂತರು. ಮದುವೆಗಳೂ ನಡೆದವು. 2021ರ ಸೆಪ್ಟೆಂಬರ್‌ನಲ್ಲಿ ಕಮಾನಿಗೆ ನೂರು ತುಂಬಿದಾಗ, ಕೆನಡಾದವರು ವಿಹಾರಕ್ಕೆಂದು ರಸ್ತೆಯ ಮೂಲಕ ಅಮೆರಿಕಕ್ಕೆ ಬರುವಂತಿರಲಿಲ್ಲ. ಆ ದಾರಿ ತೆರೆದದ್ದು ನವೆಂಬರ್ 8ರಂದು.

ನಮ್ಮ ಹಳ್ಳಿಯ ಮನೆಗಳಲ್ಲಿ ಜಗಲಿ ಇರುತ್ತದಲ್ಲ, ಅದು ಅತ್ತ ಮನೆಯ ಒಳಗೂ ಅಲ್ಲ, ಇತ್ತ ಬೀದಿಯೂ ಅಲ್ಲ. ಒಳಗೆ ಕರೆಯಲಾಗದವರನ್ನೂ ಅಲ್ಲಿ ಕೂರಿಸಿ ನೀರು ಕೊಟ್ಟು ಮಾತಾಡಿಸಬಹುದು. ದೇಶಗಳಿಗೂ ಅಂಥದೊಂದು ಜಗಲಿ ಬೇಕು. ಗಡಿ ಬೇಡವೆಂದು ಈ ಉದ್ಯಾನ ಹೇಳುವುದಿಲ್ಲ. ಗಡಿಯ ಮೇಲೂ ಮನುಷ್ಯರು ಕೂತು ಮಾತಾಡಲು ಎಡೆ ಇರಲಿ ಎನ್ನುತ್ತದೆ.

ಸಿಯಾಟಲ್‌ನಲ್ಲೋ ವ್ಯಾಂಕೂವರ್‌ನಲ್ಲೋ ಇರುವ ಮಕ್ಕಳ ಮನೆಗೆ ನೀವು ಹೋದರೆ ಇಲ್ಲಿಗೂ ಹೋಗಿಬನ್ನಿ. ಉದ್ಯಾನದ ಒಳಗೆ ಗೆರೆ ದಾಟಿ ಓಡಾಡಿ, ಬಂದ ದೇಶಕ್ಕೇ ಮರಳುವ ಪದ್ಧತಿ ದಶಕಗಳ ಕಾಲ ನಡೆದುಬಂದಿತ್ತು. ಇಂಥ ನಿಯಮಗಳು ಬದಲಾಗುತ್ತಿರುತ್ತವೆ. ಹೊರಡುವ ಮುನ್ನ ವಿಚಾರಿಸಿ. ಪಾಸ್‌ಪೋರ್ಟ್, ವೀಸಾ ಕೈಯಲ್ಲಿರಲಿ. ಕಮಾನಿನ ಬಳಿ ಹೋದಾಗ ತಲೆ ಎತ್ತಿ ಬಾವುಟಗಳನ್ನು ನೋಡಿದ ಮೇಲೆ ಆ ಕಬ್ಬಿಣದ ಬಾಗಿಲುಗಳನ್ನೂ ಒಮ್ಮೆ ನೋಡಿ. ಅವು ತೆರೆದೇ ಇರಬೇಕಾದರೆ ಎರಡು ಮನೆಯವರೂ ದಿನದಿನವೂ ಒಪ್ಪಬೇಕು ಎಂಬುದು ಮೊಮ್ಮಕ್ಕಳಿಗೂ ತಿಳಿಯಲಿ.