ನಾವೇ ಒಳಗೆ ನಿಲ್ಲುವ ವಾದ್ಯ

(ಮೈಲಾಪೂರಿನಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತು)



ನಿಮ್ಮ ಪರ್ಸಿನಲ್ಲಿ 50 ರೂಪಾಯಿಯ ಹೊಸ ನೋಟು ಇದ್ದರೆ ತೆಗೆದು ಹಿಂಬದಿ ನೋಡಿ. ಹಂಪೆಯ ಕಲ್ಲಿನ ರಥ ಕಾಣುತ್ತದೆ. ಆ ರಥದ ಎದುರಿಗೇ ವಿಜಯವಿಠ್ಠಲ ದೇವಸ್ಥಾನದ ಮಹಾಮಂಟಪ ಇದೆ. ನೋಟಿನಲ್ಲಿ ಅದು ಕಾಣುವುದಿಲ್ಲ. ನನ್ನ ಇವತ್ತಿನ ಮಾತು ಆ ಮಂಟಪದ ಬಗ್ಗೆ.

ಮೈಲಾಪೂರಿನಲ್ಲಿರುವ ನಮಗೆ ವಾದ್ಯಗಳನ್ನು ಪರಿಚಯಿಸಬೇಕಾಗಿಲ್ಲ. ಡಿಸೆಂಬರ್ ಬಂದರೆ ಸಭಾಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೇಳುತ್ತಲೇ ಇರುತ್ತೇವೆ. ವೀಣೆಯಾಗಲಿ, ಪಿಟೀಲಾಗಲಿ, ಮೃದಂಗವಾಗಲಿ, ಎಲ್ಲವೂ ಕಲಾವಿದರ ಕೈಯಲ್ಲೋ ತೊಡೆಯ ಮೇಲೋ ಇರುವಂಥವು. ಆದರೆ ಈ ಮಂಟಪ ಎಂಬ ವಾದ್ಯದ ಒಳಗೆ ನಾವೇ ಹೋಗಿ ನಿಲ್ಲಬೇಕು. ಅಲ್ಲಿರುವ 56 ಕಂಬಗಳಿಗೆ ಸಂಗೀತ ಕಂಬಗಳೆಂದೇ ಹೆಸರು. ಒಂದೇ ಬಂಡೆಯಲ್ಲಿ ನಡುವೆ ದಪ್ಪ ಕಂಬ, ಅದರ ಪಕ್ಕದಲ್ಲಿ ತೆಳ್ಳನೆಯ ಕಿರುಗಂಬಗಳನ್ನು ಬಿಡಿಸಿದ್ದಾರೆ. ಬೆರಳಿನಿಂದ ತಟ್ಟಿದರೆ ಒಂದು ಗಂಟೆಯಂತೆ, ಇನ್ನೊಂದು ಜಲತರಂಗದಂತೆ, ಮತ್ತೊಂದು ಮೃದಂಗದಂತೆ ಕೇಳಿಸುತ್ತದೆ ಎನ್ನುತ್ತಾರೆ. ಅದು ಕಟ್ಟಡವೂ ಹೌದು, ಶಿಲ್ಪವೂ ಹೌದು, ವಾದ್ಯವೂ ಹೌದು.

"ಎನ್ನುತ್ತಾರೆ" ಅಂದೆ. ಯಾಕೆಂದರೆ ನಾನು ಕೇಳಿಲ್ಲ.

ನನ್ನ ಅಮ್ಮ ಕೇಳಿದ್ದಾರೆ. ಹೈಸ್ಕೂಲ್ ಪ್ರವಾಸದಲ್ಲಿ ಹೋದಾಗ ಹುಡುಗಿಯರೆಲ್ಲ ಸಾಲಾಗಿ ನಿಂತು ಒಬ್ಬೊಬ್ಬರೇ ತಟ್ಟಿದ್ದರಂತೆ. ಆ ಕಥೆ ಕೇಳುತ್ತಲೇ ನಾನು ಬೆಳೆದೆ. ಕೆಲವು ವರ್ಷಗಳ ಹಿಂದೆ ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಹಂಪೆಗೆ ಹೋದೆವು. ದೇವಸ್ಥಾನಕ್ಕೆ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ಗಾಡಿ ಓಡಿಸುವವರು ಸುತ್ತಲಿನ ಊರುಗಳ ಹೆಣ್ಣುಮಕ್ಕಳು, ಅದನ್ನು ನೋಡುವುದೇ ಒಂದು ಖುಷಿ. ಆದರೆ ಮಂಟಪದ ಹತ್ತಿರ ಹೋದರೆ ಅಡ್ಡಲಾಗಿ ಹಗ್ಗ. ಹಗ್ಗ ದಾಟಿ ಯಾರದೋ ಕೈ ಚಾಚಿದ ಕೂಡಲೇ ಕಾವಲುಗಾರರ ಸೀಟಿ ಕೇಳಿಸಿತು. ಆ ಕೈ ನಮ್ಮಮ್ಮನದೇ!

ಮಗಳು ಕೇಳಿದಳು, "ಅಜ್ಜಿ, ಯಾಕೆ ಮುಟ್ಟಬಾರದು?"

"ಎಲ್ಲರೂ ತಟ್ಟಿ ತಟ್ಟಿ ಹಾಳಾಗ್ತಾ ಇತ್ತಂತೆ ಪುಟ್ಟಿ."

"ನೀವೂ ತಟ್ಟಿದ್ರಿ ಅಲ್ವಾ?"

"ನಾನು ಒಂದೇ ಒಂದು ಸಲ ತಟ್ಟಿದ್ದು."

ಆ "ಒಂದೇ ಒಂದು ಸಲ" ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ತಟ್ಟಿದವರೆಲ್ಲ ಹೇಳುವುದೂ ಅದನ್ನೇ ತಾನೆ?

ಊರಿಗೆ ಬಂದ ಮೇಲೆ ಕಲ್ಲು ಹೇಗೆ ನುಡಿಯುತ್ತದೆ ಎಂದು ಹುಡುಕಿದೆ. ಉತ್ತರ ಸಿಕ್ಕಿದ್ದು ನಮ್ಮ ಪಕ್ಕದಲ್ಲೇ. ಚೆನ್ನೈನಿಂದ ಸುಮಾರು 70 ಕಿಲೋಮೀಟರ್ ದೂರದ ಕಲ್ಪಾಕ್ಕಂನಲ್ಲಿ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರ ಇದೆಯಲ್ಲ, ಅಲ್ಲಿನ ವಿಜ್ಞಾನಿಗಳು ಹಂಪೆಗೆ ಹೋಗಿ ಈ ಕಂಬಗಳನ್ನು ಪರೀಕ್ಷಿಸಿದರು. ಲೋಹದ ಭಾಗಗಳಲ್ಲಿ ಬಿರುಕು ಇದೆಯೇ ಎಂದು ಅವುಗಳನ್ನು ಒಡೆಯದೆ ಪತ್ತೆಹಚ್ಚುವುದು ಅವರಿಗೆ ಕರಗತವಾದ ವಿದ್ಯೆ. ಅದನ್ನೇ ಇಲ್ಲಿಯೂ ಬಳಸಿದರು. 2008ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು.

ಕಂಬದೊಳಗೆ ಏನಿದೆ ಎಂದು ನೋಡಲು ಬ್ರಿಟಿಷರು ಒಂದೆರಡು ಕಂಬ ಕತ್ತರಿಸಿದರು ಎಂಬ ಕಥೆಯನ್ನು ಗೈಡುಗಳು ಈಗಲೂ ಹೇಳುತ್ತಾರೆ. ಕಲ್ಪಾಕ್ಕಂನವರು ಏನನ್ನೂ ಕತ್ತರಿಸದೆ ತಿಳಿದುಕೊಂಡರು. ಕಂಬ ಟೊಳ್ಳಲ್ಲ, ಗಟ್ಟಿ ಗ್ರಾನೈಟ್. ತಟ್ಟಿದಾಗ ಅದು ಕಣ್ಣಿಗೆ ಕಾಣದಷ್ಟು ಬಾಗಿ ನಡುಗುತ್ತದೆ. ಆ ನಡುಕವೇ ನಾದ.

ಇಲ್ಲೊಂದು ಸ್ವಾರಸ್ಯ ಇದೆ. ತಂತಿ ದಪ್ಪವಾದಷ್ಟೂ ಶ್ರುತಿ ಇಳಿಯುತ್ತದೆ, ವೀಣೆ ಕಲಿತವರಿಗೆ ಇದು ಗೊತ್ತು. ಬಾಗಿ ನಡುಗುವ ಕಂಬದಲ್ಲಿ ಇದು ತಿರುಗಾಮುರುಗಾ, ದಪ್ಪವಾದಷ್ಟೂ ಶ್ರುತಿ ಏರುತ್ತದೆ. ತಂತಿಯ ಉದ್ದ ಎರಡರಷ್ಟಾದರೆ ಶ್ರುತಿ ಒಂದು ಸ್ಥಾಯಿ ಇಳಿದರೆ, ಕಂಬದಲ್ಲಿ ಎರಡು ಸ್ಥಾಯಿ ಇಳಿಯುತ್ತದೆ. ಅಂದರೆ ಉಳಿಯ ಒಂದು ಹೆಚ್ಚಿನ ಏಟಿಗೂ ಸ್ವರ ಬದಲಾಗುತ್ತದೆ. ಹೆಚ್ಚು ಕೆತ್ತಿದರೆ ತಿರುಗಿ ಅಂಟಿಸಲು ಆಗುವುದಿಲ್ಲ. 16ನೆಯ ಶತಮಾನದ ಶಿಲ್ಪಿಗೆ ಸಮೀಕರಣ ಬೇಕಿರಲಿಲ್ಲ, ಕೈಯೂ ಕಿವಿಯೂ ಇದ್ದವು.

ಇನ್ನು ಬಿರುಕಿನ ವಿಷಯ. ಮಾರುಕಟ್ಟೆಯಲ್ಲಿ ಮಡಕೆ ಕೊಳ್ಳುವಾಗ ನಾವು ಏನು ಮಾಡುತ್ತೇವೆ? ತಟ್ಟಿ ನೋಡುತ್ತೇವೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಗೊತ್ತಾಗುತ್ತದೆ, ಠಣ್ ಎನ್ನಬೇಕಾದ್ದು ಡಬ್ ಎನ್ನುತ್ತದೆ. ಕಲ್ಲಿಗೂ ಅದೇ ನಿಯಮ. ಬಿರುಕು ಬಿಟ್ಟ ಕಂಬ ನಿಂತಿರಬಹುದು, ನುಡಿಯುವುದಿಲ್ಲ. ಆ ಮಂಟಪದಲ್ಲಿ ಕೆಲವು ಕಿರುಗಂಬಗಳು ಆಗಲೇ ಮುರಿದಿವೆ. ಮಡಕೆ ಒಡೆದರೆ ಇನ್ನೊಂದು ತರಬಹುದು. ಈ ಕಂಬವನ್ನು ಎಲ್ಲಿಂದ ತರುವುದು? ಅದಕ್ಕೇ ಹಗ್ಗ ಕಟ್ಟಿದ್ದು ಸರಿ ಎಂದು ನನಗೆ ಮನವರಿಕೆಯಾಯಿತು. ಬೇಸರವೇನೂ ಹೋಗಲಿಲ್ಲ.

ಇದು ಹಂಪೆಯೊಂದರ ಕಥೆಯಲ್ಲ. ತಿರುನೆಲ್ವೇಲಿಯ ನೆಲ್ಲೈಯಪ್ಪರ್ ದೇವಸ್ಥಾನದಲ್ಲಿ ಒಂದು ದೊಡ್ಡ ಕಂಬದ ಸುತ್ತ ಒಂದೇ ಬಂಡೆಯಲ್ಲಿ ಬಿಡಿಸಿದ 48 ನುಡಿಯುವ ಕಿರುಗಂಬಗಳಿವೆ. ಕುಂಭಕೋಣದ ಹತ್ತಿರ ದಾರಾಸುರಂನಲ್ಲಿ ಬಲಿಪೀಠದ ಮೆಟ್ಟಿಲುಗಳೇ ಸ್ವರ ಹೊರಡಿಸುತ್ತವೆ. ಅವಕ್ಕೆ ಈಗ ಕಬ್ಬಿಣದ ಜಾಲರಿ.

ಹಾಗಾದರೆ ನಮ್ಮ ಮಕ್ಕಳಿಗೆ ಉಳಿಯುವುದು ಏನು? ಹಗ್ಗ, ಜಾಲರಿ, ಸೀಟಿ ಇಷ್ಟೇನಾ?

ಇಲ್ಲ. ಮುಟ್ಟುವುದಕ್ಕೆಂದೇ ಹೊಸದಾಗಿ ಮಾಡುತ್ತಿರುವವರೂ ಇದ್ದಾರೆ. ಆರೋವಿಲ್‌ನಲ್ಲಿ ಸ್ವರಂ ಎಂಬ ಸಂಸ್ಥೆ ಇದೆ. ಸುತ್ತಲಿನ ಹಳ್ಳಿಗಳ ಯುವಜನರಿಗೆ ವಾದ್ಯ ತಯಾರಿಕೆ ಕಲಿಸಿ, ತಟ್ಟಿದರೆ, ಉಜ್ಜಿದರೆ ನುಡಿಯುವ ಶಿಲ್ಪಗಳನ್ನು ಅಲ್ಲಿ ಮಾಡುತ್ತಾರೆ. ದೂರದ ಐಸ್‌ಲ್ಯಾಂಡಿನಲ್ಲಿ 2012ರಲ್ಲಿ ಬೆಟ್ಟದ ಮೇಲೆ ಒಂದಕ್ಕೊಂದು ಸೇರಿದ ಐದು ಕಾಂಕ್ರೀಟ್ ಗುಮ್ಮಟಗಳನ್ನು ಕಟ್ಟಿದ್ದಾರೆ, ಹೆಸರು ಟ್ವೀಸೊಂಗುರ್. ಐದರ ಅಳತೆಯೂ ಬೇರೆ, ಒಂದೊಂದು ಗುಮ್ಮಟ ಒಂದೊಂದು ಸ್ವರಕ್ಕೆ ಓಗೊಡುತ್ತದೆ. ಒಳಗೆ ಹೋಗಿ ಹಾಡಿದರೆ ಆಯಿತು, ಕಟ್ಟಡವೇ ಜೊತೆಗೆ ಹಾಡುತ್ತದೆ. ನಮ್ಮ ವಿಜಯಪುರದ ಗೋಳಗುಮ್ಮಟದಲ್ಲಿ ಕೂಗಿ ಬಂದವರಿಗೆ ಇದು ಹೊಸದೇನಲ್ಲ ಅನ್ನಿಸೀತು!

ಹಳೆಯದನ್ನು ಕಾಯೋಣ, ಹೊಸದನ್ನು ನುಡಿಸೋಣ. ಎರಡೂ ಬೇಕು. ನುಡಿಸಿ ಗೊತ್ತಿಲ್ಲದ ಮಗುವಿಗೆ ಕಾಯುವುದು ಯಾಕೆ ಎಂದೂ ತಿಳಿಯುವುದಿಲ್ಲ. ಅದಕ್ಕೆ ನನ್ನದು ಎರಡು ಬೇಡಿಕೆ.

ಒಂದು, ಮಕ್ಕಳಿಗೆ ರಜೆ ಬಂದಾಗ ವೇದಿಕೆಯಿಂದ ಆರೋವಿಲ್‌ಗೆ ಒಂದು ಪ್ರವಾಸ ಹೊರಡೋಣ. ಈಸಿಆರ್ ರಸ್ತೆಯಲ್ಲಿ ಮೂರು ಗಂಟೆ ಸಾಕು. ಅಲ್ಲಿ ಮಕ್ಕಳು ಕೈಯಾರೆ ತಟ್ಟಲಿ.

ಎರಡನೆಯದು ಹಿರಿಯರಿಗೆ. ಈ ಸಭೆಯಲ್ಲಿ ಹಂಪೆಯ ಕಂಬವನ್ನು ತಮ್ಮ ಕೈಯಿಂದ ತಟ್ಟಿ ಕೇಳಿದವರು ಎಷ್ಟು ಜನ? ಕೈ ಎತ್ತಿ, ಇಲ್ಲಿ ಸೀಟಿ ಊದುವವರು ಯಾರೂ ಇಲ್ಲ. ಯಾವ ಕಂಬ, ಎಂಥ ನಾದ, ಪಕ್ಕದಲ್ಲಿ ಯಾರಿದ್ದರು, ನೆನಪಿದ್ದಷ್ಟು ಹೇಳಿ. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಅಮ್ಮನ ನೆನಪನ್ನು ಆಗಲೇ ಮಾಡಿಕೊಂಡಿದ್ದೇನೆ. "ಹೇಗಿತ್ತಮ್ಮ?" ಎಂದು ಕೇಳಿದರೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಡುಗೆಮನೆಯಿಂದ ಒಂದು ಹಿತ್ತಾಳೆ ಚೊಂಬು ತಂದು ಉಗುರಿನಿಂದ ಮೀಟಿದರು. "ಇದಕ್ಕಿಂತ ಸ್ವಲ್ಪ ಮೆತ್ತಗೆ" ಎಂದರು.

ನನ್ನ ಮಗಳು ಹಂಪೆಯ ಕಂಬವನ್ನು ಕೇಳಿರುವುದು ಅಷ್ಟೇ. ನಿಮ್ಮಿಂದ ಇನ್ನಷ್ಟು ಕೇಳಲಿ.