ತಾನಾಗಿ ಬದಲಾಗುವ ಚಿತ್ರ, ಕೇಳಬಾರದ್ದನ್ನು ಕೇಳುವ ಆಪ್



ಈ ಮಾಲಿಕೆಗೆ ಕೇಳುಗರಿಂದ ಬರುವ ಪತ್ರಗಳಲ್ಲಿ ಕೈಬರಹ ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ದೇವದುರ್ಗದ ಹಿರಿಯರೊಬ್ಬರು ಬರೆಯುತ್ತಾರೆ: "ಮೊಬೈಲಿನ್ಯಾಗ ರಾಯರ ಫೋಟೊ ಇಟ್ಟೀನ್ರಿ. ಬಟನ್ ಒತ್ತಿದ್ರ ಒಮ್ಮೆ ಹಿಮದ ಗುಡ್ಡ ಕಾಣ್ತದ, ಇನ್ನೊಮ್ಮೆ ಸಿನಿಮಾದಾಕಿ ಕಾಣ್ತಾಳ. ಮಂದಿ ಮುಂದ ಫೋನ್ ತಗಿಯಾಕ ನಾಚಿಕಿ ಆಗ್ತದ. ಯಾರರೆ ಹ್ಯಾಕ್ ಮಾಡ್ಯಾರೇನ್ರಿ?" ಮಾನ್ವಿಯ ಅಕ್ಕನೊಬ್ಬರಿಗೂ ಅದೇ ಚಿಂತೆ. ಮೊಮ್ಮಗನ ಫೋಟೊ ಇಟ್ಟ ಕಡೆ ಕ್ರಿಕೆಟ್ ಸುದ್ದಿ ಬಂದು ಕೂತಿದೆ. ರಾಯಚೂರು ನಗರದಿಂದ ಬಂದ ಪತ್ರಗಳಲ್ಲಂತೂ "ಸೈಬರ್ ಪೊಲೀಸರಿಗೆ ದೂರು ಕೊಡಲೇ?" ಎನ್ನುವವರೆಗೂ ಮಾತು ಹೋಗಿದೆ.

ಚಿತ್ರ ಹಾಕುವುದು ಹೇಗೆಂದು ನಾನು ಹೇಳುವುದಿಲ್ಲ. ನಿಮ್ಮ ಮನೆಯ ಆರನೇ ಕ್ಲಾಸಿನ ಹುಡುಗಿ ನನಗಿಂತ ಚೆನ್ನಾಗಿ ಹೇಳುತ್ತಾಳೆ. ಹಾಕಿದ ಚಿತ್ರ ಯಾಕೆ ನಿಲ್ಲುತ್ತಿಲ್ಲ, ಅದು ಇವತ್ತಿನ ಮಾತು.

ಮೊದಲು ಸಮಾಧಾನ. ಬಹಳ ಮಂದಿಯ ವಿಷಯದಲ್ಲಿ ಇದು ಹ್ಯಾಕೂ ಅಲ್ಲ, ವೈರಸ್ಸೂ ಅಲ್ಲ. ಬೀಗ ಬಿದ್ದ ಪರದೆ, ಅಂದರೆ ಲಾಕ್ ಸ್ಕ್ರೀನ್ ಮೇಲೆ ಹೊಸ ಹೊಸ ಚಿತ್ರ, ಸುದ್ದಿ, ಜಾಹೀರಾತು ತಂದಿಡುವ ಒಂದು ಸೇವೆ ಫೋನಿನ ಜೊತೆಯಲ್ಲೇ ಬಂದಿರುತ್ತದೆ. ಇವುಗಳಲ್ಲಿ ಹೆಸರಾದದ್ದು ಗ್ಲಾನ್ಸ್. ಅದು ಹುಟ್ಟಿದ್ದು ಬೇರೆಲ್ಲೂ ಅಲ್ಲ, ನಮ್ಮ ಬೆಂಗಳೂರಿನ ಇನ್‌ಮೊಬಿ ಕಂಪನಿಯಲ್ಲಿ. 2020ರ ಡಿಸೆಂಬರ್‌ನಲ್ಲಿ ಗೂಗಲ್ ಕೂಡ ಅದರಲ್ಲಿ ಹಣ ಹೂಡಿತು. ಶಿಯೋಮಿ, ಸ್ಯಾಮ್ಸಂಗ್, ರಿಯಲ್‌ಮಿ, ವಿವೊ ಹೀಗೆ ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಫೋನುಗಳಲ್ಲಿ ಇಂಥ ಸೇವೆ ಇರುತ್ತದೆ. ಹೆಸರು ಮಾತ್ರ ಬೇರೆ ಬೇರೆ: ಒಂದರಲ್ಲಿ ವಾಲ್‌ಪೇಪರ್ ಕೆರೋಸೆಲ್, ಇನ್ನೊಂದರಲ್ಲಿ ಲಾಕ್ ಸ್ಕ್ರೀನ್ ಮ್ಯಾಗಝೀನ್, ಮತ್ತೊಂದರಲ್ಲಿ ಡೈನಾಮಿಕ್ ಲಾಕ್ ಸ್ಕ್ರೀನ್. ಹೊಸ ಫೋನ್ ಮೊದಲ ಸಲ ಶುರು ಮಾಡುವಾಗ ಓದದೆ "ಮುಂದೆ, ಮುಂದೆ" ಎಂದು ಒತ್ತಿದ್ದೀರಲ್ಲ, ಆಗ ಒಪ್ಪಿಕೊಂಡಿರುತ್ತೀರಿ. ಸೆಟ್ಟಿಂಗ್ಸ್‌ಗೆ ಹೋಗಿ, ಲಾಕ್ ಸ್ಕ್ರೀನ್ ಅಥವಾ ವಾಲ್‌ಪೇಪರ್ ಎಂದಿರುವ ಕಡೆ ಈ ಹೆಸರುಗಳಲ್ಲಿ ಒಂದನ್ನು ಹುಡುಕಿ, ಆಫ್ ಮಾಡಿ. ನೀವಿಟ್ಟ ಫೋಟೊ ಅಲ್ಲೇ ಹಿಂದೆ ಇರುತ್ತದೆ, ಮುಂದೆ ಬರುತ್ತದೆ. ಚಿತ್ರಗಳು ಬರುವುದು ನಿಮ್ಮ ಡೇಟಾ ತಿಂದುಕೊಂಡೇ ಎನ್ನುವುದೂ ನೆನಪಿರಲಿ.

ಆದರೆ ಕೆಲವರ ಫೋನಿನಲ್ಲಿ ಕಾರಣ ಬೇರೆ. ಚಂದದ ಚಿತ್ರಕ್ಕೆಂದು ಒಂದು ಆಪ್ ಹಾಕಿಕೊಂಡಿರುತ್ತಾರೆ. ದೇವರ ವಾಲ್‌ಪೇಪರ್, ಪುನೀತ್ ವಾಲ್‌ಪೇಪರ್, ಹೊಳೆಯುವ ಓಂ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ನಿಲ್ಲಬೇಡಿ, ಹದಿನೈದೇ ನಿಮಿಷ ಇರೋದು ಎಂದು ಕಾರ್ಯಕ್ರಮದವರು ಹೇಳಿದ್ದಾರೆ, ಇರಲಿ.

ಆಂಡ್ರಾಯ್ಡ್ ಫೋನಿನಲ್ಲಿ ಅನುಮತಿ ಮುಖ್ಯವಾಗಿ ಎರಡು ಥರ. ನಿಮ್ಮ ಮೆಸೇಜು ಓದುವುದು, ಹೆಸರು ನಂಬರಿನ ಪಟ್ಟಿ ನೋಡುವುದು, ಕ್ಯಾಮೆರಾ, ಮೈಕು, ನೀವು ಎಲ್ಲಿದ್ದೀರಿ ಎನ್ನುವುದು, ಇವು ಅಪಾಯದವು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈಚೆಗೆ ಇಂಥವಕ್ಕೆ ಆಪ್ ನಿಮ್ಮನ್ನು ನೇರವಾಗಿ ಕೇಳಲೇಬೇಕು. ಪರದೆಯ ಮೇಲೆ ಪೆಟ್ಟಿಗೆ ಬರುತ್ತದಲ್ಲ, ಅಲೋ, ಡೋಂಟ್ ಅಲೋ ಅಂತ, ಅದೇ. ಇನ್ನೊಂದು ಥರದ್ದು ನಿರಪಾಯದ ಕೆಲಸ. ಫೋನ್ ಗುಂಯ್‌ಗುಡಿಸುವುದು, ಇಂಟರ್ನೆಟ್ ಬಳಸುವುದು. ಇವಕ್ಕೆ ಪೆಟ್ಟಿಗೆ ಬರುವುದಿಲ್ಲ, ಆಪ್ ಹಾಕಿದ ಕೂಡಲೇ ಅನುಮತಿ ಸಿಕ್ಕಿಬಿಡುತ್ತದೆ. ವಾಲ್‌ಪೇಪರ್ ಬದಲಾಯಿಸುವ ಅನುಮತಿ ಈ ಎರಡನೇ ಪಟ್ಟಿಯಲ್ಲಿದೆ.

ಇನ್ನೊಮ್ಮೆ ಹೇಳುತ್ತೇನೆ. ಚಿತ್ರ ಬದಲಾಯಿಸುವುದಕ್ಕೆ ಆಪ್ ನಿಮ್ಮನ್ನು ಏನೂ ಕೇಳಬೇಕಾಗಿಲ್ಲ. ಕೇಳದೆಯೇ ಅದಕ್ಕೆ ಆ ಅನುಮತಿ ಇದೆ. ಹಾಗಿದ್ದ ಮೇಲೆ ವಾಲ್‌ಪೇಪರ್ ಆಪ್ ಬಂದು "ಮೆಸೇಜು ಓದಲೇ? ಕಾಂಟ್ಯಾಕ್ಟ್ ನೋಡಲೇ?" ಎಂದರೆ, ಅದು ಕೇಳುತ್ತಿರುವುದು ಚಿತ್ರಕ್ಕಲ್ಲ. ಮನೆಗೆ ಸುಣ್ಣ ಹೊಡೆಯಲು ಬಂದವನು ತಿಜೋರಿಯ ಕೀಲಿಕೈ ಕೇಳಿದರೆ ಕೊಡುತ್ತೀರೇನು? ಮೆಸೇಜು ಓದಲು ಬಿಟ್ಟಿರೆಂದರೆ ಬ್ಯಾಂಕಿನಿಂದ ಬರುವ ಓಟಿಪಿಯನ್ನು ನಿಮಗಿಂತ ಮೊದಲು ಅದು ಓದಬಲ್ಲದು.

ನಮ್ಮ ಅಣ್ಣನ ಮಗ ಡಿಪ್ಲೊಮಾ ಓದುತ್ತಾನೆ. ಅವನ ಫೋನ್ ತೆರೆಸಿ ನೋಡಿದೆ. ಹುಲಿಯ ಚಿತ್ರದ ಆಪ್, ಅದಕ್ಕೆ ಮೆಸೇಜು, ಕಾಂಟ್ಯಾಕ್ಟ್ ಎರಡೂ ತೆರೆದ ಬಾಗಿಲು. ಯಾಕಪ್ಪ ಎಂದರೆ, "ಕಾಕಾ, ಎಲ್ಲಾ ಆಪೂ ಕೇಳ್ತಾವ. ಅಲೋ ಅಂತ ಒತ್ತಬೇಕು, ಇಲ್ಲಂದ್ರ ನಡಿಯಂಗಿಲ್ಲ" ಅಂದ. ಎರಡೂ ಬಂದ್ ಮಾಡಿಸಿದೆ. ಹುಲಿ ಇದ್ದಲ್ಲೇ ಇತ್ತು. ಹೊಸ ಹುಲಿಯೂ ಬಂತು. ಓದಿದ ಹುಡುಗರೇ ಹೀಗೆ ಮಾತಾಡಿದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ.

ಒಂದೆರಡು ವಿನಾಯಿತಿ ಉಂಟು. ನಿಮ್ಮ ಗ್ಯಾಲರಿಯ ಫೋಟೊ ಬಳಸುವ ಆಪ್ ಫೋಟೊ ನೋಡಲು ಕೇಳಬಹುದು. ಹವಾಮಾನ ತೋರಿಸುವ ಚಿತ್ರವಾದರೆ ನಿಮ್ಮ ಊರು ಯಾವುದೆಂದು ಕೇಳಬಹುದು. ಮೆಸೇಜಿಗೆ ಮಾತ್ರ ಯಾವ ನೆಪವೂ ಇಲ್ಲ. "ಬೇರೆ ಆಪ್‌ಗಳ ಮೇಲೆ ಕಾಣಿಸಿಕೊಳ್ಳಲು ಬಿಡಿ" ಎಂದು ಕೇಳಿದರೂ ಬೇಡ ಅನ್ನಿ. ನೀವು ಫೋನಿನಲ್ಲಿ ಮಾತಾಡುತ್ತಿರುವಾಗ ಜಾಹೀರಾತು ಪರದೆ ತುಂಬ ಹರಡಿಕೊಳ್ಳುವುದು ಆ ದಾರಿಯಿಂದ.

"ಪ್ಲೇ ಸ್ಟೋರ್‌ನಿಂದಲೇ ತಗೊಂಡೀವಿ, ಏನಾಗ್ತದ" ಎನ್ನುವವರಿದ್ದಾರೆ. ಜೋಕರ್ ಎಂಬ ಕಳ್ಳ ಪ್ರೋಗ್ರಾಂ ವರ್ಷಗಟ್ಟಲೆ ಪ್ಲೇ ಸ್ಟೋರಿಗೆ ನುಸುಳುತ್ತ ಬಂದಿದೆ, ಅದು ತೊಟ್ಟ ವೇಷಗಳಲ್ಲಿ ವಾಲ್‌ಪೇಪರ್ ಆಪ್ ಕೂಡ ಒಂದು. ಬಳಸುವವರಿಗೆ ಗೊತ್ತಾಗದಂತೆ ದುಡ್ಡಿನ ಸೇವೆಗಳಿಗೆ ಚಂದಾ ಕಟ್ಟಿಸುವುದು ಅದರ ಕಸುಬು. ಆ ಕುಟುಂಬದ ಸುಮಾರು 1,700 ಆಪ್‌ಗಳನ್ನು ತೆಗೆದುಹಾಕಿದ್ದೇವೆ ಎಂದು ಗೂಗಲ್ಲೇ 2020ರ ಜನವರಿಯಲ್ಲಿ ಹೇಳಿತು.

ಇದಕ್ಕಿಂತ ಕೆಟ್ಟದ್ದು ವಾಟ್ಸ್ಯಾಪಿನಲ್ಲಿ ಬರುವ ಎಪಿಕೆ, ಅಂದರೆ ಆಪ್ ಹಾಕುವ ಫೈಲು. ಮದುವೆ ಪತ್ರಿಕೆ, ಪಿಎಂ ಕಿಸಾನ್ ಪಟ್ಟಿ, ಗಾಡಿಯ ದಂಡದ ಚೀಟಿ ಎಂದೆಲ್ಲ ಹೆಸರು ಹೊತ್ತು ಬರುತ್ತದೆ, ಎಷ್ಟೋ ಸಲ ಗುರುತಿನವರ ನಂಬರಿನಿಂದಲೇ. ಚಿತ್ರವನ್ನು ಒತ್ತಿದರೆ ಕಾಣುತ್ತದೆ, ಅಷ್ಟೇ. "ಇನ್‌ಸ್ಟಾಲ್ ಮಾಡಲೇ?" ಎಂದು ಕೇಳಿದ್ದು ಚಿತ್ರವಲ್ಲ, ಪತ್ರಿಕೆಯೂ ಅಲ್ಲ. ಅದು ಆಪ್. ಈಗಾಗಲೇ ಹಾಕಿಕೊಂಡು ದುಡ್ಡು ಹೋಗಿದ್ದರೆ ಮೊಬೈಲ್ ಅಂಗಡಿಗೆ ಓಡಬೇಡಿ, ಮೊದಲು 1930ಕ್ಕೆ ಫೋನ್ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯಲು ಅವಕಾಶವಿರುತ್ತದೆ. ಸಂಜೆ ಮಾಡಿದರಾಯಿತು ಎನ್ನಬೇಡಿ.

ಹಾಗಾದರೆ ಬರೀ ಚಿತ್ರದಿಂದ ಫೋನ್ ಕೆಡುವುದೇ ಇಲ್ಲವೇ? ಒಮ್ಮೆ ಕೆಟ್ಟಿದೆ. 2020ರಲ್ಲಿ ಅಮೆರಿಕದ ಒಂದು ಸರೋವರದ ಸುಂದರ ಫೋಟೊ ಹಾಕಿದ ಆಂಡ್ರಾಯ್ಡ್ 10ರ ಹಲವು ಫೋನುಗಳು ಆಫ್ ಆಗಿ ಆನ್ ಆಗಿ ಪರದಾಡಿದವು. ಆ ಫೋಟೊದ ಬಣ್ಣದ ಲೆಕ್ಕ ಸಾಮಾನ್ಯದ್ದಲ್ಲ. ಹೊಳಪು 255 ದಾಟದು ಎಂದು ನಂಬಿದ್ದ ಫೋನಿಗೆ ಅದಕ್ಕಿಂತ ದೊಡ್ಡ ಸಂಖ್ಯೆ ಸಿಕ್ಕಿ ಪರದೆ ನಡೆಸುವ ಪ್ರೋಗ್ರಾಂ ಕುಸಿಯುತ್ತಿತ್ತು. ತಪ್ಪು ಫೋನಿನ ತಂತ್ರಾಂಶದ್ದು, ಸರಿಪಡಿಸಿದರು. "ಇಂಥ ದೇವರ ಫೋಟೊ ಹಾಕಿದರೆ ಫೋನ್ ಬಿಸಿಯಾಗ್ತದ" ಎಂಬ ಮಾತಿಗೂ ಇದಕ್ಕೂ ಸಂಬಂಧ ಕಟ್ಟಬೇಡಿ. ನಮ್ಮ ಮೇ ತಿಂಗಳ ಬಿಸಿಲಿಗೆ ಯಾವ ಫೋಟೊ ಹಾಕಿದರೂ ಫೋನ್ ಬಿಸಿಯಾಗುತ್ತದೆ.

ಗಡಿಯಾರ ತೋರಿಸುತ್ತಿದ್ದಾರೆ. ಉಳಿದ ಪತ್ರಗಳಿಗೆ ಬೇಗ ಬೇಗ ಉತ್ತರ.

ಫೋಟೊದಲ್ಲಿ ತಲೆ ಕತ್ತರಿಸಿದ ಹಾಗೆ ಕಾಣುತ್ತದೆ ಎಂದವರಿಗೆ: ನಿಮ್ಮ ಪರದೆ ಉದ್ದುದ್ದ ನಿಂತದ್ದು, ಫೋಟೊ ಅಡ್ಡ ತೆಗೆದದ್ದು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಕಲ್ಲಿದೆಯಲ್ಲ, 41 ಅಡಿಗೂ ಮಿಕ್ಕಿದ ಉದ್ದ, ಅದನ್ನು ಪೂರ್ತಿ ಪರದೆಗೆ ತುಂಬಿಸುತ್ತೇನೆಂದರೆ ಆಗುವುದಿಲ್ಲ, ಒಂದು ತುಂಡು ಆರಿಸಿಕೊಳ್ಳಬೇಕು. ಗಬ್ಬೂರಿನ ಗುಡಿಯ ಬಾಗಿಲನ್ನು ಫೋನ್ ನೆಟ್ಟಗೆ ಹಿಡಿದು ತೆಗೆಯಿರಿ, ಸರಿಯಾಗಿ ಕೂರುತ್ತದೆ. ಮುಖ ನಡುವೆ ಇರಲಿ, ಮೇಲ್ಭಾಗ ಬಿಡಿ, ಅಲ್ಲಿ ಗಡಿಯಾರ ಬರುತ್ತದೆ.

ಗ್ಯಾಲರಿಯಿಂದ ಫೋಟೊ ಅಳಿಸಿದರೆ ಪರದೆಯ ಚಿತ್ರವೂ ಹೋಗುತ್ತದೆಯೇ ಎಂದವರಿಗೆ: ಹೋಗುವುದಿಲ್ಲ, ಫೋನ್ ತನ್ನದೊಂದು ಪ್ರತಿ ಇಟ್ಟುಕೊಂಡಿರುತ್ತದೆ. ಆದರೆ ಮೂಲ ಫೋಟೊ ಹೋಯಿತಲ್ಲ, ಯಾಕೆ ಅಳಿಸುತ್ತೀರಿ?

ಕಪ್ಪು ಚಿತ್ರ ಹಾಕಿದರೆ ಬ್ಯಾಟರಿ ಎರಡು ದಿನ ಬರುತ್ತದೆ ಎಂದವರಿಗೆ: ಅಗ್ಗದ ಫೋನುಗಳ ಎಲ್‌ಸಿಡಿ ಪರದೆಯಲ್ಲಿ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ, ಕಪ್ಪೇನು ಬಿಳಿಯೇನು. ಓಎಲ್‌ಇಡಿ ಪರದೆಯಲ್ಲಿ ಕಪ್ಪು ಚುಕ್ಕೆ ಉರಿಯುವುದೇ ಇಲ್ಲ, ಅಲ್ಲಿ ಉಳಿತಾಯ ನಿಜ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಅಳೆದರು. ಪರದೆಯ ಹಿನ್ನೆಲೆ ಕಪ್ಪಾಗಿಸುವ ಡಾರ್ಕ್ ಮೋಡ್ ಹಾಕಿದರೆ ಬೆಳಕು 30ರಿಂದ 50 ಶೇಕಡಾ ಇದ್ದಾಗ ಉಳಿಯುವುದು ಸರಾಸರಿ 3ರಿಂದ 9 ಶೇಕಡಾ ಮಾತ್ರ, ಪೂರ್ತಿ ಬೆಳಕಿಟ್ಟಾಗ 39ರಿಂದ 47. ನಮ್ಮ ಬಯಲು ಬಿಸಿಲಿನಲ್ಲಿ ಬೆಳಕು ಪೂರ್ತಿ ಏರಿಸದೆ ಪರದೆ ಕಾಣುವುದೇ ಇಲ್ಲ, ಹಾಗಾಗಿ ಭತ್ತದ ಗದ್ದೆಯಲ್ಲಿ ನಿಂತವರಿಗೆ ಇದು ಲೆಕ್ಕಕ್ಕೆ ಬರುತ್ತದೆ. ಆದರೆ ವಾಲ್‌ಪೇಪರ್ ನೀವು ನೋಡುವುದು ಎಷ್ಟು ಹೊತ್ತು? ಮರುಗಳಿಗೆ ವಾಟ್ಸ್ಯಾಪು, ಯೂಟ್ಯೂಬು. ಉಳಿಸಬೇಕಾದವರು ಅಲ್ಲಿ ಡಾರ್ಕ್ ಮೋಡ್ ಹಾಕಿಕೊಳ್ಳಿ, ಫೋನನ್ನು ಟ್ರ್ಯಾಕ್ಟರ್ ಸೀಟಿನ ಮೇಲೆ ಬಿಸಿಲಿಗೆ ಬಿಟ್ಟು ಹೋಗಬೇಡಿ.